ಅಂಗಡಿಯ ಕಂಪ್ಯೂಟರ್ ಏಳದಿದ್ದಾಗ



ನಾನು ಓದಿದ್ದು ಮೆಟ್ರಿಕ್‌ವರೆಗೆ. ಲೆಕ್ಕ ಕಲಿತದ್ದು ತಂದೆಯವರ ಕೆಂಪು ವಹಿಯಲ್ಲಿ. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದ ಮೇಲೆ ಗಡಹಿಂಗ್ಲಜದ ನಮ್ಮ ಬಟ್ಟೆ ಅಂಗಡಿಯ ಲೆಕ್ಕವೆಲ್ಲ ಕಂಪ್ಯೂಟರಿಗೆ ಹೋಯಿತು. ಇಚಲಕರಂಜಿಯಿಂದ ಬಂದ ಥಾನುಗಳ ಬಿಲ್ಲು, ಹಳ್ಳಿಯ ಗಿರಾಕಿಗಳ ಉದ್ರಿ, ಎಲ್ಲವೂ ಅದರ ಹೊಟ್ಟೆಯಲ್ಲಿ. ಒಂದು ಮುಂಜಾನೆ ಅದು ಏಳಲೇ ಇಲ್ಲ. ಅಂದು ತಿಂಗಳ 18ನೇ ತಾರೀಖು. 20ಕ್ಕೆ ರಿಟರ್ನ್ ತುಂಬದಿದ್ದರೆ ದಿನಕ್ಕೆ 50 ರೂಪಾಯಿ ದಂಡ.

ಗುಂಡಿ ಒತ್ತಿದರೆ ನೀಲಿ ಪರದೆ ಬರುವುದು, ತಾನೇ ಆರುವುದು, ಮತ್ತೆ ಹೊತ್ತುವುದು. ಕೊಲ್ಹಾಪುರದ ಒಂದು ರಿಪೇರಿ ಅಂಗಡಿಗೆ ಒಯ್ದೆವು. "ಫಾರ್ಮ್ಯಾಟ್ ಮಾಡಬೇಕು, ಒಳಗಿನ ಲೆಕ್ಕ ಉಳಿದರೆ ನಿಮ್ಮ ಪುಣ್ಯ" ಎಂದರು. ನನ್ನ ಎದೆ ಧಸಕ್ಕೆಂದಿತು. ಉದ್ರಿಗೆ ಬೇರೆ ಕಾಗದವೇ ಇರಲಿಲ್ಲ. ಯಂತ್ರವನ್ನು ಹಾಗೇ ಹೊತ್ತು ತಂದೆವು.

ಇಂಜಿನಿಯರಿಂಗ್ ಓದುವ ಮೊಮ್ಮಗ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಅಜ್ಜಾ, ನಿನ್ನೆ ಅದಕ್ಕೆ ಹೊಸದಾಗಿ ಏನು ಹಾಕಿದಿರಿ?" ಆಗ ನೆನಪಾಯಿತು. ಇಂಟರ್ನೆಟ್ ನಿಧಾನವೆಂದು ಅಂಗಡಿಯ ಹುಡುಗ ಸಂಜೆ ವೈ-ಫೈಗೆ ಬೇರೆ ಡ್ರೈವರ್ ಹಾಕಿದ್ದ.

ಡ್ರೈವರ್ ಎಂದರೆ ವಿಂಡೋಸ್‌ಗೂ ವೈ-ಫೈ ಕಾರ್ಡಿಗೂ ನಡುವಿನ ದಲಾಲ. ಅವನು ಕೂಡುವುದು ಗಾದಿಯ ಮೇಲೆಯೇ. ಅವನು ತಪ್ಪಿದರೆ, ಲೆಕ್ಕ ಇನ್ನಷ್ಟು ಕೆಡದಿರಲೆಂದು ವಿಂಡೋಸ್ ಬಾಗಿಲು ಹಾಕಿಬಿಡುತ್ತದೆ. ಯಂತ್ರ ಸತ್ತಿರುವುದಿಲ್ಲ.

ಮೊಮ್ಮಗ ಹೇಳಿದಂತೆ ಮಾಡಿದೆವು. ಎರಡು ಮೂರು ಸಲ ಏಳದೆ ಹೋದರೆ ವಿಂಡೋಸ್ ತಾನೇ ರಿಪೇರಿ ಪರದೆ ತೋರಿಸುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್ ಒತ್ತಿ, ಬಳಿಕ 4 ಒತ್ತಬೇಕು. ಇದೇ ಸೇಫ್ ಮೋಡ್. ಇದರಲ್ಲಿ ವೈ-ಫೈ ದಲಾಲನನ್ನು ಕರೆಯುವುದೇ ಇಲ್ಲ. 5 ಒತ್ತಿದರೆ ನೆಟ್‌ವರ್ಕ್ ಸಹಿತ ಏಳುತ್ತದೆ. ನಮ್ಮ ರೋಗಕ್ಕೆ ಅದು ಬೇಡ. ನಮ್ಮ ಯಂತ್ರ ಎದ್ದಿತು! ನಂತರ ಡಿವೈಸ್ ಮ್ಯಾನೇಜರಿನಲ್ಲಿ ನೆಟ್‌ವರ್ಕ್ ಅಡಾಪ್ಟರ್ಸ್ ತೆರೆದು, ವೈ-ಫೈ ಕಾರ್ಡಿನ ಹೆಸರಿನಡಿ ರೋಲ್ ಬ್ಯಾಕ್ ಡ್ರೈವರ್ ಒತ್ತಿ ಹಳೆಯದಕ್ಕೇ ಮರಳಿದೆವು. ಆ ಗುಂಡಿ ಮಂಕಾಗಿದ್ದರೆ ಅನ್‌ಇನ್‌ಸ್ಟಾಲ್ ಮಾಡಬೇಕು. ಆಗ ಡ್ರೈವರನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕಲು ಮರೆಯಬೇಡಿ, ಇಲ್ಲವಾದರೆ ಅದೇ ಮತ್ತೆ ಬಂದು ಕೂಡುತ್ತದೆ. ರಿಟರ್ನನ್ನು 19ಕ್ಕೇ ತುಂಬಿದೆವು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಕಂಪನಿಯ ಒಂದು ದೋಷದ ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ಕುಳಿತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅಲ್ಲಿಯೂ ಮದ್ದು ಇದೇ: ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲನ್ನು ತೆಗೆಯುವುದು.

ಆದ್ದರಿಂದ ಮೂರು ಮಾತು. ಫಾರ್ಮ್ಯಾಟ್‌ಗೆ ಒಪ್ಪುವ ಮುನ್ನ ಕೊನೆಗೆ ಏನು ಹಾಕಿದ್ದೆಂದು ನೆನಪು ಮಾಡಿಕೊಂಡು ಅದನ್ನು ತೆಗೆದುನೋಡಿ. ಬಿಟ್‌ಲಾಕರ್ ಬೀಗವಿದ್ದರೆ 48 ಅಂಕಿಗಳ ಕೀಲಿ ಕೇಳಬಹುದು. ಅದನ್ನು ಇಂದೇ ಬರೆದು ತಿಜೋರಿಯಲ್ಲಿಡಿ. ವಾರಕ್ಕೊಮ್ಮೆ ಲೆಕ್ಕದ ನಕಲನ್ನು ಪೆನ್ ಡ್ರೈವಿಗೆ ಇಳಿಸಿ, ಅದನ್ನು ಅಂಗಡಿಯಲ್ಲಿ ಬಿಡದೆ ಮನೆಗೆ ಒಯ್ಯಿರಿ.

ನಮ್ಮ ತಂದೆಯವರು ವಹಿಯನ್ನು ರಾತ್ರಿ ಅಂಗಡಿಯಲ್ಲಿ ಬಿಟ್ಟವರಲ್ಲ. ನಾನು ಆ ರೂಢಿ ಬಿಟ್ಟಿದ್ದೆ. ಈಗ ಮತ್ತೆ ಹಿಡಿದಿದ್ದೇನೆ.