ಎದುರು ಪಾತ್ರದ ಅರ್ಥ

ಕರ್ನಾಟಕದ ಯಾವ ಪ್ರಾಥಮಿಕ ಶಾಲೆಗಾದರೂ ಹೋಗಿ ಮಕ್ಕಳ ಕೈಗೊಂದು ಹಾಳೆ ಕೊಟ್ಟು, ನಿಮಗೆ ಇಷ್ಟ ಬಂದ ಚಿತ್ರ ಬರೆಯಿರಿ ಎನ್ನಿ. ಹೆಚ್ಚಿನ ಹಾಳೆಗಳಲ್ಲಿ ಬರುವುದು ಒಂದೇ ಚಿತ್ರ: ಎರಡು ತ್ರಿಕೋನ ಬೆಟ್ಟ, ನಡುವೆ ಇಣುಕುವ ಸೂರ್ಯ, ಬೆಟ್ಟದ ಸಂದಿಯಿಂದ ಇಳಿದು ಬರುವ ಹೊಳೆ, ಪಕ್ಕದಲ್ಲಿ ಹೆಂಚಿನ ಮನೆ, ಒಂದು ತೆಂಗಿನಮರ, ಮೇಲೆ ನಾಲ್ಕೈದು ಹಕ್ಕಿ. ಮಡಿಕೇರಿಯ ಮಗು ಬರೆದರೆ ಸರಿ ಎನ್ನೋಣ. ಕಣ್ಣು ಹಾಯಿಸಿದಷ್ಟು ದೂರವೂ ಬಯಲೇ ಇರುವ ಸಿಂದಗಿಯ ಮಗುವೂ ಇದನ್ನೇ ಬರೆಯುತ್ತದೆ. ಅದು ಮಲಗುವುದು ಮಾಳಿಗೆ ಮನೆಯಲ್ಲಿ, ಆಡುವುದು ಬೇವಿನ ಮರದ ಕೆಳಗೆ. ಎರಡಕ್ಕೂ ಹಾಳೆಯಲ್ಲಿ ಜಾಗವಿಲ್ಲ.

ಮಕ್ಕಳನ್ನು ದೂರುವ ಹಾಗಿಲ್ಲ. ಇಷ್ಟ ಬಂದಂತೆ ಮಾಡಿ ಎಂದಾಗ ದೊಡ್ಡವರು ಮಾಡುವುದೂ ಇದನ್ನೇ. ಮದುವೆಯ ಕರೆಯೋಲೆ, ಹುಟ್ಟುಹಬ್ಬದ ಫ್ಲೆಕ್ಸು, ಬೀಳ್ಕೊಡುಗೆಯ ಭಾಷಣ, ಹೊಸ ಮನೆಯ ಮುಂಭಾಗ, ಎಲ್ಲವೂ ಎಲ್ಲೋ ನೋಡಿದ್ದರ ನಕಲು. ಕಲ್ಪನೆಗೆ ಬೇಕಾದದ್ದು ಸ್ವಾತಂತ್ರ್ಯ, ಕಟ್ಟು ಬಿಚ್ಚಿಬಿಟ್ಟರೆ ಅದು ತಾನಾಗಿ ಹಾರುತ್ತದೆ ಎಂದು ನಾವು ನಂಬಿದ್ದೇವೆ. ನನಗೆ ಆ ನಂಬಿಕೆಯ ಮೇಲೇ ಗುಮಾನಿ. ಅದೇ ಸಿಂದಗಿಯ ಮಗುವಿಗೆ, ಊರ ನೀರಿನ ಟ್ಯಾಂಕಿನ ಮೇಲೆ ಕೂತ ಕಾಗೆಗೆ ನಿಮ್ಮ ಮನೆ ಹೇಗೆ ಕಂಡೀತು, ಬರೆದು ತೋರಿಸು ಎಂದು ಹೇಳಿ ನೋಡಿ. ನಕಲಿಗೆ ಸಿಗುವ ಚಿತ್ರ ಯಾವುದೂ ಇಲ್ಲ. ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ, ಬೆಳಕಿಂಡಿಯ ಚೌಕ, ಅಂಗಳದಲ್ಲಿ ಕಟ್ಟಿದ ಎಮ್ಮೆಯ ಬೆನ್ನು, ಇವನ್ನೆಲ್ಲ ಅದು ನೆನಪಿನಿಂದ ಹೆಕ್ಕಿ, ಮನಸ್ಸಿನಲ್ಲೇ ಮಗುಚಿ, ಮೇಲಿನಿಂದ ನೋಡಬೇಕು. ಕಟ್ಟು ಹಾಕಿದ ಮೇಲೆಯೇ ಅದರ ಕಲ್ಪನೆ ಎದ್ದು ಕೂತದ್ದು.

ಕಲ್ಪನೆ ಕವಿಗಳಿಗೆ ಸೇರಿದ್ದು, ನಮ್ಮಂಥವರಿಗಲ್ಲ ಎಂದು ಕೈಮುಗಿಯುವವರು ಬಹಳ. ಅವರ ಮಗಳು ಕಾಲೇಜಿನಿಂದ ಬರುವುದು ಅರ್ಧ ಗಂಟೆ ತಡವಾಗಲಿ, ಫೋನು ಸ್ವಿಚ್ ಆಫ್ ಆಗಿರಲಿ. ಆ ಅರ್ಧ ಗಂಟೆಯಲ್ಲಿ ಬಸ್ಸು ಮಗುಚಿರುತ್ತದೆ, ಆಸ್ಪತ್ರೆಯ ವರಾಂಡ ಕಂಡಿರುತ್ತದೆ, ಯಾರು ಯಾರಿಗೆ ಫೋನು ಮಾಡಬೇಕೆಂಬ ಪಟ್ಟಿಯೂ ತಯಾರಾಗಿರುತ್ತದೆ. ಇಷ್ಟು ಸೂಕ್ಷ್ಮವಾಗಿ ಕತೆ ಕಟ್ಟುವ ಶಕ್ತಿ ಕಾದಂಬರಿಕಾರರಿಗೂ ದಿನಾ ಒದಗುವುದಿಲ್ಲ. ಅಂದಮೇಲೆ ಕಲ್ಪನೆ ಇದೆಯೋ ಇಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಅದು ನಮ್ಮನ್ನು ಎಳೆದುಕೊಂಡು ಹೋಗುತ್ತಿದೆಯೋ, ನಾವು ಅದನ್ನು ದುಡಿಸುತ್ತಿದ್ದೇವೋ ಎಂಬುದಷ್ಟೇ ಪ್ರಶ್ನೆ. ದುಡಿಸುವುದು ರೂಢಿಯಿಂದ ಬರುತ್ತದೆ.

ಆ ರೂಢಿಯನ್ನು ಕಣ್ಣಾರೆ ನೋಡಬೇಕೆಂದರೆ ಮಳೆಗಾಲದಲ್ಲಿ ಕರಾವಳಿಗೆ ಬರಬೇಕು. ತಿರುಗಾಟದ ಕೊನೆಯ ದಿನವಾದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ದೇವಸ್ಥಾನಗಳ ಚಾವಡಿಗಳಲ್ಲಿ, ಸಭಾಭವನಗಳಲ್ಲಿ ತಾಳಮದ್ದಳೆಯ ಕೂಟಗಳು ಕಳೆಕಟ್ಟುತ್ತವೆ. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಭಾಗವತರು, ಚೆಂಡೆ ಮದ್ದಳೆಯವರು, ಎದುರುಬದುರಾಗಿ ಪಂಚೆ ಶಲ್ಯದಲ್ಲಿ ಕೂತ ಅರ್ಥಧಾರಿಗಳು, ಇಷ್ಟೇ. ಭಾಗವತರು ಪದ್ಯ ಹಾಡುತ್ತಾರೆ. ಪದ್ಯ ಮುಗಿದಾಗ ಅರ್ಥಧಾರಿ ಪಾತ್ರವಾಗಿ ಮಾತಾಡಬೇಕು. ಆ ಮಾತು ಪ್ರಸಂಗ ಪುಸ್ತಕದಲ್ಲಿಲ್ಲ. ಯಾರೂ ಬರೆದು ಕೊಟ್ಟಿಲ್ಲ, ರಿಹರ್ಸಲ್ ಎಂಬುದೂ ಇಲ್ಲ.

ಇಲ್ಲಿನ ಕಟ್ಟು ನೋಡಿ. ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಕತೆ ಎಲ್ಲರಿಗೂ ಗೊತ್ತು. ಪದ್ಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಕಾಲದಿಂದ ಬಂದದ್ದು, ಬದಲಾಗುವುದಿಲ್ಲ. ವಾಲಿ ಸಾಯಲೇಬೇಕು. ಅರ್ಥಧಾರಿ ಎಷ್ಟೇ ದೊಡ್ಡ ವಾಗ್ಮಿಯಾದರೂ ವಾಲಿಯನ್ನು ಉಳಿಸಿ ಮನೆಗೆ ಕಳಿಸುವ ಹಾಗಿಲ್ಲ. ಹೊರಡುವ ಜಾಗ, ಸೇರುವ ಜಾಗ ಎರಡೂ ಗೊತ್ತಿದ್ದು ನಡುವಿನ ದಾರಿ ಮಾತ್ರ ಅವನದು. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಕ್ಷಾತ್ರ ಎಂದು ವಾಲಿ ಕೇಳಿದಾಗ ರಾಮನಾದವನು ಉತ್ತರ ಕೊಡಬೇಕು. ವಾಲಿಯಾದವನು ಇವತ್ತು ಧರ್ಮಶಾಸ್ತ್ರ ಎತ್ತಬಹುದು, ನಾಳೆ ಅಣ್ಣತಮ್ಮಂದಿರ ಮನೆಜಗಳದ ಜಾಡು ಹಿಡಿಯಬಹುದು, ಇನ್ನೊಂದು ದಿನ, ಕಾಡಿನವನಾದ ನನಗೆ ನಿನ್ನ ನಾಡಿನ ಕಾನೂನು ಏಕೆ ಎಂದು ತಿರುಗಿಬೀಳಬಹುದು. ರಾಮನ ಹಳೆಯ ಉತ್ತರ ಯಾವ ಪ್ರಶ್ನೆಗೂ ತಕ್ಕದ್ದಾಗುವುದಿಲ್ಲ. ಕಿವಿಗೊಟ್ಟು ಕೇಳಿ, ಆ ಕ್ಷಣದಲ್ಲೇ ಹುಡುಕಬೇಕು. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣರು ಇಂದಿಗೂ ಜನರ ಬಾಯಲ್ಲಿ ಉಳಿದಿದ್ದರೆ ಅವರು ಕತೆ ಬದಲಿಸಿದರೆಂದಲ್ಲ. ಬದಲಾಗದ ಕತೆಯೊಳಗೆ, ಸೋಲುವವನಿಗೂ ಹೇಳಲು ಎಷ್ಟಿದೆ ಎಂದು ತೋರಿಸಿದರು ಎಂದು.

ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು. ಇಂದು ಕೃಷ್ಣನಾಗಿ ಸಂಧಾನಕ್ಕೆ ಹೋದವನು ಮುಂದಿನ ವಾರ ಇನ್ನೊಂದೂರಲ್ಲಿ ಕೌರವನಾಗಿ ಅದೇ ಕೃಷ್ಣನನ್ನು ಎದುರಿಸಬೇಕಾಗಬಹುದು. ತಾನೇ ಹೂಡಿದ ವಾದವನ್ನು ತಾನೇ ಮುರಿಯಬೇಕು. ಹೀಗೆ ವರ್ಷಗಟ್ಟಲೆ ಪಕ್ಷ ಬದಲಿಸುತ್ತ ಮಾತಾಡಿದವನಿಗೆ, ಯಾವ ಮಾತನ್ನೇ ಕೇಳಲಿ, ಅದರ ಬೆನ್ನಿಗೆ ಇನ್ನೊಂದು ಮಗ್ಗುಲು ತಾನಾಗಿ ಕಾಣತೊಡಗುತ್ತದೆ. ದಿನನಿತ್ಯದ ಕಲ್ಪನೆ ಎಂದರೆ ನನ್ನ ಲೆಕ್ಕದಲ್ಲಿ ಇದೇ. ಇಲ್ಲದ್ದನ್ನು ಕನಸುವುದಲ್ಲ, ಇರುವುದನ್ನು ಎದುರು ಕೂತವನ ಕಡೆಯಿಂದ ನೋಡುವುದು. (ಎಲ್ಲ ಕೂಟಗಳೂ ಹೀಗಿರುತ್ತವೆ ಎಂದು ಭ್ರಮಿಸಬೇಡಿ. ಎದುರಾಳಿಯನ್ನು ಸಿಕ್ಕಿಸುವ ಚಪಲಕ್ಕೆ ಬಿದ್ದು ಪಾತ್ರವನ್ನೇ ಮರೆತ ಅರ್ಥಗಾರಿಕೆಯೂ ಉಂಟು. ಅಲ್ಲಿ ಚಪ್ಪಾಳೆ ಬೀಳುತ್ತದೆ, ಪ್ರಸಂಗ ಕೆಡುತ್ತದೆ.)

ಅರ್ಥಧಾರಿಯ ಬಂಡವಾಳವನ್ನೂ ಗಮನಿಸಬೇಕು. ತೊರವೆ ರಾಮಾಯಣ, ಕುಮಾರವ್ಯಾಸ, ಪುರಾಣ ಇವೆಲ್ಲ ಕೈಯಳತೆಯಲ್ಲಿ ಇರಬೇಕು. ಊರಿನ ಸಂತೆ, ಪಂಚಾಯ್ತಿಕಟ್ಟೆಯ ಮಾತೂ ಇರಬೇಕು. ಬರಿದಾದ ಮನಸ್ಸಿನಲ್ಲಿ ಕಲ್ಪನೆ ಹುಟ್ಟುವುದಿಲ್ಲ. ಕರ್ನಾಟಕ ಸಂಗೀತದವರಿಗೆ ಇದು ಹೊಸ ಮಾತೇನಲ್ಲ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ವರಸೆಗಳನ್ನು ತಿಕ್ಕಿ ತಿಕ್ಕಿ ಹಾಡಿದ ಗಂಟಲಿಗೇ ಮುಂದೆಂದೋ ಆಲಾಪನೆಯ ಸ್ವಾತಂತ್ರ್ಯ ಸಿಗುವುದು.

ಎಂಜಿನಿಯರಿಂಗಿನಂಥ ಲೆಕ್ಕದ ಕೆಲಸದಲ್ಲೂ ಕತೆ ಇದೇ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸೇರಿದ್ದು 1884ರಲ್ಲಿ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರ ಸ್ವಯಂಚಾಲಿತ ಬಾಗಿಲುಗಳು ಬಂದದ್ದು 1903ರಲ್ಲಿ. ಅಣೆಕಟ್ಟನ್ನು ಎತ್ತರಿಸದೆ ಹೆಚ್ಚು ನೀರು ನಿಲ್ಲಿಸಬೇಕು, ಪ್ರವಾಹ ಬಂದರೆ ಕಟ್ಟೆಗೆ ಅಪಾಯವೂ ಆಗಬಾರದು, ಇದು ಅವರ ಮುಂದಿದ್ದ ಕಟ್ಟು. ನೀರು ಮಟ್ಟ ಮೀರಿದೊಡನೆ ಬಾಗಿಲು ತಾನಾಗಿ ತೆರೆಯಬೇಕು, ಇಳಿದೊಡನೆ ತಾನಾಗಿ ಮುಚ್ಚಬೇಕು, ಮನುಷ್ಯ ಓಡಿಬಂದು ಎತ್ತುವಂತಿರಬಾರದು ಎಂದು ಅವರು ಯೋಚಿಸಿದರು. ಅಂಥ ಬಾಗಿಲುಗಳು ಮುಂದೆ ಕೃಷ್ಣರಾಜಸಾಗರಕ್ಕೂ ಬಂದವು. ಶಾಲಾಪುಸ್ತಕಗಳು ಇದನ್ನು ಮೇಧಾವಿಯ ಮಿಂಚಿನಂತೆ ವರ್ಣಿಸುವುದುಂಟು. ನನ್ನ ಕಣ್ಣು ಹೋಗುವುದು 1884ಕ್ಕೂ 1903ಕ್ಕೂ ನಡುವಿನ ಹತ್ತೊಂಬತ್ತು ವರ್ಷಗಳ ಕಡೆಗೆ. ಕಾಲುವೆ, ತೂಬು, ನೀರು ಸರಬರಾಜು ಎಂದು ಅಷ್ಟು ಕಾಲ ನೀರಿನೊಂದಿಗೇ ಬಾಳಿದವರಿಗೆ, ತುಂಬಿದ ಕೆರೆ ಏನು ಮಾಡೀತು ಎಂಬುದು ಕೆರೆಯ ಕಡೆಯಿಂದಲೇ ಹೊಳೆದಿರಬೇಕು.

ಹೊಟ್ಟೆಪಾಡಿಗೆ ಓಡುವವರಿಗೆ ಇದೆಲ್ಲ ಎಲ್ಲಿಯ ಪುರುಸೊತ್ತು ಎಂಬ ಆಕ್ಷೇಪ ಸಹಜ. ಹಾಗೆ ಕೇಳುವವರು ಒಮ್ಮೆ ಅಡುಗೆಮನೆಗೆ ಹೋಗಿ ಬರಲಿ. ಹಳೇ ಮೈಸೂರಿನ ಬಸ್ಸಾರನ್ನೇ ನೋಡಿ. ಸೊಪ್ಪು ಕಾಳು ಬೇಯಿಸಿ ಬಸಿದ ನೀರನ್ನು ಚೆಲ್ಲದೆ, ಬೆಂದ ಸೊಪ್ಪನ್ನೇ ಒಂದು ಹಿಡಿ ರುಬ್ಬುವ ಖಾರಕ್ಕೆ ಸೇರಿಸಿ ಸಾರು, ಮಿಕ್ಕದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಒಂದೇ ಒಲೆ, ಒಂದೇ ಪಾತ್ರೆ, ಮುದ್ದೆಯ ಪಕ್ಕಕ್ಕೆ ಎರಡು ಬಗೆ. ಕರಾವಳಿಯಲ್ಲಿ ಕಲ್ಲಂಗಡಿಯ ಬಿಳಿ ತಿರುಳೂ ದೋಸೆಯಾಗುತ್ತದೆ, ಹೀರೇಕಾಯಿಯ ಸಿಪ್ಪೆ ಚಟ್ನಿಯಾಗುತ್ತದೆ. ಬಡತನವನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಕೊರತೆ ಕಲ್ಪನೆಯನ್ನು ಕೊಂದದ್ದೇ ಹೆಚ್ಚು. ಆದರೆ ಎಸೆಯುವ ಮುನ್ನ, ಇದು ಇನ್ನೇನಾಗಬಹುದು ಎಂದು ದಿನಾ ಕೇಳಿದ ಯಾರೋ ಹೆಂಗಸರು ಇದ್ದರು. ಅವರು ಅದಕ್ಕಾಗಿ ಬೇರೆ ಸಮಯ ಎತ್ತಿಟ್ಟವರಲ್ಲ, ಕೈ ಕೆಲಸ ಮಾಡುತ್ತಿರುವಾಗಲೇ ಕೇಳಿದವರು. ನಮಗಾದರೋ ಬಸ್ಸಿಗೆ ಕಾಯುವ ಹತ್ತು ನಿಮಿಷವನ್ನೂ ಮೊಬೈಲು ನುಂಗುತ್ತದೆ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬೆಳೆಸುವುದಿಲ್ಲ.

ಎದುರಿನವರ ಕಡೆಯಿಂದ ನೋಡುವ ಈ ರೂಢಿಯ ಕೊರತೆಯಿಂದ ಆಗುವ ದೊಡ್ಡ ನಷ್ಟ ಕಲೆಗೆ, ಸಾಹಿತ್ಯಕ್ಕೆ ಎಂದು ನಾನು ಭಾವಿಸಿಲ್ಲ. ನಷ್ಟ ಕಾಣುವುದು ಕೌಂಟರಿನ ಮುಂದೆ. ಅರ್ಜಿಯ ನಮೂನೆಯಲ್ಲಿ ಪೂರ್ಣ ವಿಳಾಸಕ್ಕೆ ಒಂದು ಗೆರೆ, ಕಚೇರಿ ಉಪಯೋಗಕ್ಕೆ ಎಂದು ಅರ್ಧ ಪುಟ. ಕಿಟಕಿಯ ಆಚೆ ಸರತಿಯಲ್ಲಿ ನಿಂತವರಿಗೆ ತಲೆ ತಗ್ಗಿಸದೆ ಮಾತಾಡಲು ಆಗದಷ್ಟು ಕೆಳಗೆ ಒಂದು ಕಿಂಡಿ. ಮೊಣಕಾಲು ನೋವಿನ ಅಜ್ಜಿ ಕೈ ಊರಿ ಹತ್ತಬೇಕಾದ ಬಸ್ಸಿನ ಮೆಟ್ಟಿಲು. ಸರ್ವರ್ ಇಲ್ಲ, ನಾಳೆ ಬನ್ನಿ ಎಂದು ತಲೆ ಎತ್ತದೆ ಹೇಳುವವರು ಕೆಟ್ಟವರೇನಲ್ಲ. ಎದುರಿನ ಹೆಂಗಸು ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿದ್ದಾಳೆ ಎಂಬುದು ಅವರ ಮನಸ್ಸಿಗೆ ಬರಲಿಲ್ಲ, ಅಷ್ಟೇ. ಬಂದಿದ್ದರೆ ಸರ್ವರ್ ಸರಿಯಾಗುತ್ತಿತ್ತೆಂದಲ್ಲ. ಅರ್ಜಿ ಇಲ್ಲೇ ಇಟ್ಟು ಹೋಗಮ್ಮ, ಫೋನು ಮಾಡುತ್ತೇವೆ ಎಂಬ ಇನ್ನೊಂದು ವಾಕ್ಯ ಹೊಳೆಯುತ್ತಿತ್ತು. ಇಂಥ ವಾಕ್ಯವನ್ನು ಯಾವ ಸುತ್ತೋಲೆಯೂ ಹುಟ್ಟಿಸಲಾರದು.

ಮನೆಯೊಳಗೂ ಇದಕ್ಕೆ ಕೆಲಸವಿದೆ. ಆಸ್ತಿ ಪಾಲಿನ ಮಾತುಕತೆಗೆ ಹೊರಡುವ ಅಣ್ಣ, ತಮ್ಮನ ಪಕ್ಷ ವಹಿಸಿ ಒಂದೈದು ನಿಮಿಷ ತನಗೆ ತಾನೇ ವಾದಿಸಿ ನೋಡಲಿ. ತಾನು ಓದಲು ಹೋದ ವರ್ಷಗಳಲ್ಲಿ ತೋಟಕ್ಕೆ ನೀರು ಬಿಟ್ಟವರು ಯಾರು, ಅಪ್ಪನನ್ನು ಆಸ್ಪತ್ರೆಗೆ ಸಾಗಿಸಿದವರು ಯಾರು, ಇವು ತಮ್ಮನ ಬಾಯಿಂದ ಬಂದರೆ ಜಗಳದ ಮಾತು, ತನ್ನ ಬಾಯಿಂದಲೇ ಬಂದರೆ ಬೇರೆ. ಪಾಲು ಬದಲಾಗದೆ ಹೋದೀತು. ಆದರೂ ಕೋರ್ಟಿನ ಮೆಟ್ಟಿಲಿಗೆ ಮುಂಚೆ ಇನ್ನೊಂದು ಮೆಟ್ಟಿಲು ಇದೆಯೆಂದು ತಿಳಿಯುತ್ತದೆ.

ಕಲ್ಪನಾಶಕ್ತಿ ಬೆಳೆಸುವ ಶಿಬಿರಗಳು ಈಗ ಬೇಕಾದಷ್ಟಿವೆ, ಶುಲ್ಕವೂ ಜೋರಿದೆ. ನನ್ನ ಕೋರಿಕೆ ಅಷ್ಟು ದೊಡ್ಡದಲ್ಲ. ಸಾರ್ವಜನಿಕರಿಗಾಗಿ ನಮೂನೆ, ಫಲಕ, ಆ್ಯಪ್ ತಯಾರಿಸುವ ಪ್ರತಿಯೊಬ್ಬರೂ ಅದನ್ನು ಹೊರಗೆ ಬಿಡುವ ಮುನ್ನ ಒಮ್ಮೆ ಕೌಂಟರಿನ ಆಚೆ ಹೋಗಿ, ಸರತಿಯಲ್ಲಿ ನಿಂತು, ಕೂರಲು ಕುರ್ಚಿಯಿಲ್ಲದೆ, ಕೈಯಲ್ಲೊಂದು ಚೀಲ ಹಿಡಿದುಕೊಂಡೇ ತುಂಬಿ ನೋಡಲಿ.