ಹೊಳ್ಯಾಗ ಸುರಿದ್ರೂ ಅಳದು ಸುರೀರಿ

ಮನಿಗೆ ಹೊಸಾ ಲ್ಯಾಪ್‌ಟಾಪ್ ಬಂತಂದ್ರ ಮೊದಲು ಕೇಳಿಬರೋ ಮಾತು ಒಂದ: "ಹಳೇದರಾಗಿನ ಫೋಟೋ ಎಲ್ಲಾ ಕಟ್ ಮಾಡಿ ಇದರಾಗ ಪೇಸ್ಟ್ ಮಾಡಿಬಿಡು, ಲಗೂನ ಆಗ್ತದ." ಹೇಳೋವರು ಯಾರು? ಮಗ, ಮೈದುನ, ಅಳಿಯ. ನಾಳೆ ಮೊಮ್ಮಗಳ ತೊಟ್ಟಿಲ ಫೋಟೋ ಸಿಗಲಿಲ್ಲಂತ ಕಣ್ಣೀರು ಹಾಕೋವರು ಯಾರು? ನಾವು. ಹಂಗಿದ್ದ ಮ್ಯಾಲೆ ಈ ಕೆಲಸದಾಗ ನಮ್ಮ ಮಾತು ಯಾಕ ನಡೀಬಾರದು?

ನಾನು ಹೇಳೋದು ಇಷ್ಟ. ಲಗೂ ಆಗೋದು ಎರಡನೇ ಮಾತು. ಪೂರಾ ಬಂತೋ ಇಲ್ಲೋ ಅನ್ನೋದು ಮೊದಲನೇ ಮಾತು. ಗಿರಣಿಗೆ ಐದು ಕಿಲೋ ಜ್ವಾಳ ಕಳಿಸಿದಾಕಿ ಹಿಟ್ಟು ತೂಗದ ಡಬ್ಬಿಗೆ ಸುರೀತಾಳೇನು?

ಮೊದಲು ಈ "ಕಟ್" ಅನ್ನೋ ಚಟ ಬಿಡ್ರಿ. ಒಂದು ಡಿಸ್ಕಿನಿಂದ ಇನ್ನೊಂದಕ್ಕ ಕಟ್-ಪೇಸ್ಟ್ ಮಾಡಿದಾಗ ಕಂಪ್ಯೂಟರ್ ಅಲ್ಲಿಂದ ನಕಲು ಮಾಡಿ, ಆಮ್ಯಾಲೆ ಅಲ್ಲೀದನ್ನ ಅಳಿಸ್ತದ. ನಡಬರಕ ಕರೆಂಟ್ ಹೋತಂದ್ರ ಅರ್ಧ ಅಲ್ಲಿ, ಅರ್ಧ ಇಲ್ಲಿ. ಕಾಪಿ ಮಾಡ್ರಿ, ಎರಡೂ ಕಡೆ ಎಣಸ್ರಿ, ತಿಂಗಳೊಪ್ಪತ್ತು ಬಿಟ್ಟು ಹಳೇದನ್ನ ಅಳಸ್ರಿ. ಹೊಸಾ ಉಪ್ಪಿನಕಾಯಿ ಹದಕ್ಕ ಬರೂತನಾ ಹಳೇ ಭರಣಿ ತೊಳಿಯೂದಿಲ್ಲ ನಾವು.

ಎರಡನೇದು, ವಾಟ್ಸಾಪ್. "ಎಲ್ಲಾ ಫೋಟೋ ಗ್ರೂಪಿನ್ಯಾಗ ಅವ ಅಲ್ಲ ವೈನಿ" ಅಂತಾರ. ಅವ, ಆದ್ರ ಹಿಂಡಿದ ಕಬ್ಬಿನ್ಹಂಗ ಅವ. ಸುಮ್ಮನ ಫೋಟೋ ಅಂತ ಕಳಿಸಿದ್ರ ವಾಟ್ಸಾಪ್ ಅದನ್ನ ಸಣ್ಣ ಮಾಡೇ ಕಳಿಸ್ತದ. ಡಾಕ್ಯುಮೆಂಟ್ ಅಂತ ಕಳಿಸಿದ್ರಷ್ಟ ಇದ್ದದ್ದು ಇದ್ದಂಗ ಹೋಗ್ತದ. ಗೋಡಿಗೆ ದೊಡ್ಡ ಫ್ರೇಮ್ ಹಾಕಿಸೋ ದಿನ ಈ ಫರಕು ಕಣ್ಣಿಗೆ ಹೊಡೀತದ.

ಇನ್ನ ಲಗೂ ಆಗೋ ಮಾತು. ವೈಫೈ ನಿಧಾನ ಅಂತ ಬೈತೀರಿ. ಎರಡೂ ಲ್ಯಾಪ್‌ಟಾಪ್ ವೈಫೈ ಮ್ಯಾಲಿದ್ದಾಗ ಪ್ರತಿ ಫೋಟೋ ಒಂದರಿಂದ ರೌಟರಿಗೆ, ರೌಟರಿನಿಂದ ಇನ್ನೊಂದಕ್ಕ, ಒಂದ ಗಾಳ್ಯಾಗ ಎರಡು ಸಲ ಹೋಗಬೇಕು. ಒಂದನ್ನರ ಕೇಬಲ್‌ಗೆ ಕಟ್ಟಿದ್ರ ಆ ಹೊರಿ ಇಳೀತದ. ಎರಡನ್ನೂ ಕಟ್ಟಿದ್ರ ಇನ್ನೂ ಚೊಲೋ. ಕೇಬಲಿನ್ಯಾಗ ಎಂಟೂ ತಂತಿ ಇರಬೇಕು. ನಾಕ ತಂತೀದು ಇದ್ರ ಗಿಗಾಬಿಟ್ ಓಡೂದಿಲ್ಲ, 100 ಮೆಗಾಬಿಟ್ಟಿಗೆ ಇಳೀತದ. ಲೆಕ್ಕಾ ಹಾಕ್ರಿ: 100 ಜಿಬಿ ಸಾಗಸಾಕ 100 ಮೆಗಾಬಿಟ್ಟಿನ್ಯಾಗ ಎರಡು ತಾಸಿನ ಮ್ಯಾಲೆ; ಗಿಗಾಬಿಟ್ಟಿನ್ಯಾಗ, ಡಿಸ್ಕ್ ಸಾಥ್ ಕೊಟ್ರ, ಕಾಲು ತಾಸು. ಹೊಸಾ ಲ್ಯಾಪ್‌ಟಾಪಿಗೆ ಅಷ್ಟು ರೊಕ್ಕ ಕೊಟ್ಟೋರು ಕೇಬಲ್‌ಗೆ ಯಾಕ ಹಿಂದಮುಂದ ನೋಡ್ತೀರಿ?

ಮತ್ತ ಸಾಸಿವಿ ಕಾಳಿನಂಥಾ ಸಾವಿರಾರು ಸಣ್ಣ ಫೈಲ್ ಒಂದೊಂದ ಸಾಗಿಸಿದ್ರ ಯಾವ ದಾರಿನೂ ನಿಧಾನನ. ಜಿಪ್ ಮಾಡಿ ಗಂಟು ಕಟ್ರಿ. ಫೋಟೋ ಅದರಿಂದ ಭಾಳ ಸಣ್ಣ ಏನಾಗೂದಿಲ್ಲ, ಆದ್ರ ಸಾವಿರ ಸಲದ ಓಡಾಟ ಒಂದ ಸಲಕ್ಕ ಮುಗೀತದ.

ಪೆನ್‌ಡ್ರೈವ್ ಮದುವಿ ವಿಡಿಯೋ ತಗೊಳ್ಳಲಿಲ್ಲಂದ್ರ ಪೆನ್‌ಡ್ರೈವ್ ಕೆಟ್ಟದಂತ ಒಗೀಬ್ಯಾಡ್ರಿ. ಅದು ಫ್ಯಾಟ್32 ಇದ್ದೀತು. ಅದರಾಗ ಒಂದು ಫೈಲ್ 4 ಜಿಬಿ ದಾಟಂಗಿಲ್ಲ. ಒಳಗಿದ್ದದ್ದನ್ನ ಬ್ಯಾರೆ ಕಡೆ ತಗದಿಟ್ಟು, ಎಕ್ಸ್‌ಫ್ಯಾಟ್ ಅಂತ ಫಾರ್ಮ್ಯಾಟ್ ಮಾಡಿದ್ರ ತಗೋತದ.

"ನಮಗ ಅದೆಲ್ಲಾ ತಿಳಿಯೂದಿಲ್ಲವಾ" ಅನ್ನೋವರಿಗೆ ಈಗ ಹೇಳ್ತೀನಿ. ವಿಂಡೋಸಿನ್ಯಾಗ ರೋಬೋಕಾಪಿ ಅಂತ ಪುಗಸಟ್ಟೆನ ಅದ. ಲಿನಕ್ಸ್, ಮ್ಯಾಕಿನ್ಯಾಗ ಆರ್‌ಸಿಂಕ್ ಅದ, 1996ರಿಂದ ಇರೋದು. ಇವೆರಡರ ಗುಣಾ ಏನಂದ್ರ, ನಡುವ ನಿಂತ್ರ ಮತ್ತ ಅದ ಆಜ್ಞಾ ಕೊಟ್ರಾತು. ಬಂದದ್ದನ್ನ ಬಿಟ್ಟು, ಉಳಿದದ್ದನ್ನಷ್ಟ ತರ್ತಾವ. ಆದ್ರ ರೋಬೋಕಾಪಿ ಹಟಮಾರಿ. ಒಂದು ಫೈಲ್ ಬರಲಿಲ್ಲಂದ್ರ ನೀವು ಹೇಳದಿದ್ರ 10 ಲಕ್ಷ ಸಲ ಪ್ರಯತ್ನ ಮಾಡ್ತದ, ಪ್ರತಿ ಸಲಕ್ಕ 30 ಸೆಕೆಂಡ್ ಕಾಯ್ತದ. ಅಂದ್ರ ಒಂದು ಕೆಟ್ಟ ಫೋಟೋದ ಮುಂದ ಹತ್ತಹತ್ರ ಒಂದು ವರ್ಷ ಕುಂಡರ್ತದ! ಅದಕ್ಕ ಆರ್ ಅನ್ನೋದನ್ನ 3, ಡಬ್ಲ್ಯೂ ಅನ್ನೋದನ್ನ 5 ಅಂತ ಇಡಸ್ರಿ. ಎಂಐಆರ್ ಅನ್ನೋದನ್ನ ಮಾತ್ರ ಮುಟ್ಟಗೊಡಬ್ಯಾಡ್ರಿ. ಮೂಲದಾಗ ಇಲ್ಲದ್ದನ್ನ ಹೊಸಾದರಾಗಿಂದ ಅದು ಅಳಿಸಿ ಹಾಕ್ತದ. ಹುಡುಗ್ರು ಎಂಟಿ ಹಾಕಿ ಒಮ್ಮೆಲೆ ಎಂಟು, ಹದಿನಾರು ಫೈಲ್ ಎಳೀತಾರ. ಹಳೇ ತಿರಗೋ ಡಿಸ್ಕ್ ಇದ್ರ ಅದು ಅತ್ತಿತ್ತ ಓಡಿ ಓಡಿ ಉಲ್ಟಾ ನಿಧಾನ ಆಗಬಹುದು. ಒಂದ ಒಲಿ ಮ್ಯಾಲೆ ಹದಿನಾರು ಭಕ್ರಿ ಬೇಯೂದಿಲ್ಲ.

ಕ್ಲೌಡ್ ಅದ ಅಲ್ಲ ಅಂತೀರಿ. ಅದ. ಗೂಗಲ್ ಪುಗಸಟ್ಟೆ ಕೊಡೋದು 15 ಜಿಬಿ, ಅದರಾಗ ನಿಮ್ಮ ಮೇಲೂ ಸೇರಿತು. ನೂರು ಜಿಬಿ ಬಿಂದಿಗಿ ಆ ಚೊಂಬಿನ್ಯಾಗ ಹಿಡಿಯೂದಿಲ್ಲ.

ಕಡೀಕ ಮಾಡಬೇಕಾದ್ದು ಯಾರೂ ಮಾಡದ ಕೆಲಸ. ಎರಡೂ ಕಡೆ ಫೋಲ್ಡರಿನ ಪ್ರಾಪರ್ಟೀಸ್ ತಗೀರಿ. ಫೈಲ್ ಎಷ್ಟು, ಬೈಟ್ ಎಷ್ಟು, ಎರಡೂ ಕೂಡಬೇಕು. "ಸೈಜ್ ಆನ್ ಡಿಸ್ಕ್" ನೋಡಬ್ಯಾಡ್ರಿ, "ಸೈಜ್" ನೋಡ್ರಿ. ಅಂಕಿ ಕೂಡಿದ್ರೂ ಅಲ್ಲಲ್ಲೆ ನಾಕಾರು ಫೋಟೋ ತಗದು ನೋಡ್ರಿ. ಒಂದೊಂದೂ ಅಕ್ಷರಶಃ ಸರಿ ಅದನೋ ಅಂತ ತಾಳೆ ನೋಡಬೇಕಂದ್ರ ಟೆರಾಕಾಪಿಯಂಥಾದರಾಗ ವೆರಿಫೈ ಹಾಕ್ರಿ. ಹೊತ್ತು ಹಿಡೀತದ, ಹಿಡೀಲಿ. ಚಾರ್ಜರ್ ಹಚ್ಚಿ, ನಿದ್ದಿಗೆ ಜಾರದಂಗ ಸೆಟ್ಟಿಂಗ್ ಮಾಡಿ, ಮುಚ್ಚಳಾ ತಗದಿಟ್ಟು ರಾತ್ರಿ ಬಿಡ್ರಿ.

ಆತುರಗಾರಗ ಬುದ್ಧಿ ಮಟ್ಟ ಅಂತ ಹಿರ್ಯಾರು ಸುಮ್ಮನ ಅಂದಿಲ್ಲ. ಮುಂದಿನ ಸಲ ಯಾರರ "ಎಲ್ಲಾ ಬಂತು ಅತ್ಯಾ" ಅಂದ್ರ, "ಎಷ್ಟು ಕಳಿಸಿದಿ, ಎಷ್ಟು ಬಂತು?" ಅಂತ ಕೇಳ್ರಿ. ಅಂಕಿ ಹೇಳೂತನಾ ಹಳೇ ಲ್ಯಾಪ್‌ಟಾಪ್ ಕೈಯಾಗ ಕೊಡಬ್ಯಾಡ್ರಿ.