ಒಂದು ಮಿಲಿಮೀಟರಿನ ವ್ಯಾಜ್ಯ

ಕಳೆದ ವಾರ ಕಲ್ಯಾಣದುರ್ಗದಿಂದ ಪರಿಚಿತರ ಮಗನೊಬ್ಬ ಹಿಂದೂಪುರದ ನನ್ನ ಕಚೇರಿಗೆ ಬಂದಿದ್ದ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪಾಲಿಟೆಕ್ನಿಕ್ ಸೇರಿರುವ ಹುಡುಗ. ಜಿಪಿಎಸ್ ಉಪಗ್ರಹಗಳ ಸಂಕೇತ ಹಿಡಿಯಲೆಂದು ಅವನು ತಯಾರಿಸಿದ್ದ ಮೈಕ್ರೋಸ್ಟ್ರಿಪ್ ಆಂಟೆನಾ ಕೆಲಸ ಮಾಡಿರಲಿಲ್ಲ. ಇಂಗ್ಲಿಷ್ ಪುಸ್ತಕ ಅರ್ಥವಾಗದೆ ಲೆಕ್ಕ ತಪ್ಪಿದ್ದಾನೆಂದು ಸಹಪಾಠಿಗಳು ನಕ್ಕರಂತೆ. ಅವನ ಅನುಮಾನವಾದರೋ ಹಲಗೆ ಮಾರಿದ ಅಂಗಡಿಯವನ ಮೇಲೆ. "ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದೇ ಸಾರ್?"

ದೂರು ಬರೆಯುವ ಮುನ್ನ ಕಕ್ಷಿದಾರನನ್ನೇ ಪಾಟೀಸವಾಲಿಗೆ ಒಳಪಡಿಸುವುದು ನನ್ನ ಅಭ್ಯಾಸ. ಆಂಟೆನಾ ಎಂದರೆ ಇಷ್ಟೇ: 1.6 ಮಿ.ಮೀ. ದಪ್ಪದ ಗಾಜುನಾರಿನ ಹಲಗೆ, ಅಡಿಯಲ್ಲಿ ಪೂರ್ತಿ ತಾಮ್ರ, ಮೇಲೆ ಆಯತಾಕಾರದ ತಾಮ್ರದ ತುಂಡು. ಲೆಕ್ಕವನ್ನು ಹುಡುಗ ಕನ್ನಡದಲ್ಲೇ ಒಪ್ಪಿಸಿದ. ಸಂಕೇತದ ಆವೃತ್ತಿ 1575.42 ಮೆಗಾಹರ್ಟ್ಸ್, ತರಂಗದೂರ ಸುಮಾರು 190 ಮಿ.ಮೀ.; ಅದರ ಅರ್ಧ 95. ಹಲಗೆಯೊಳಗೆ ತರಂಗ ಕುಗ್ಗುತ್ತದೆ. ತಾಮ್ರದ ಅಂಚಿನಾಚೆಗೂ ವಿದ್ಯುತ್ ಕ್ಷೇತ್ರ ಕೊಂಚ ಉಬ್ಬಿರುತ್ತದೆ. ಎರಡನ್ನೂ ಲೆಕ್ಕಕ್ಕೆ ಹಿಡಿದರೆ ತುಂಡಿನ ಉದ್ದ 45 ಮಿ.ಮೀ., ಅಗಲ 58. ಎಲ್ಲವೂ ಸರಿಯಾಗಿಯೇ ಇತ್ತು.

ಕ್ರಯಪತ್ರದಲ್ಲಾದರೆ ದೊಡ್ಡ ಬದಿಯನ್ನೇ ಉದ್ದವೆನ್ನುತ್ತೇವೆ. ಎರಡನ್ನೂ ಗುಣಿಸಿದರೆ ಮುಗಿಯಿತು. ಇಲ್ಲಿ ಉದ್ದ ಅಗಲಗಳು ಸಮಾನ ಹಕ್ಕುದಾರರಲ್ಲ. ತರಂಗ ಹಿಂದಕ್ಕೂ ಮುಂದಕ್ಕೂ ಓಡಾಡುವ ಬದಿಯೇ ಉದ್ದ. ತಂಬೂರಿಯ ತಂತಿಯಂತೆ ಅದು ಶ್ರುತಿಯನ್ನು ನಿರ್ಧರಿಸುತ್ತದೆ. ಗಿಡ್ಡವಾದಷ್ಟೂ ಆವೃತ್ತಿ ಏರುತ್ತದೆ. ಅಗಲದಿಂದ ಶ್ರುತಿ ಹೆಚ್ಚು ಬದಲಾಗದು. ಆದರೆ ಅಗಲ ಹೆಚ್ಚಿದರೆ ಅಂಚಿನ ರೋಧ ತಗ್ಗುತ್ತದೆ, ಹಿಡಿಯುವ ಆವೃತ್ತಿಗಳ ಪಟ್ಟಿ ತುಸು ಹಿಗ್ಗುತ್ತದೆ. ತೀರಾ ಹೆಚ್ಚಿದರೆ ಬೇಡದ ಕಂಪನಗಳೂ ಹುಟ್ಟುತ್ತವೆ.

"ಅಳತೆ ಸರಿಯಿದ್ದ ಮೇಲೆ ತಾಮ್ರವನ್ನು ಮತ್ತೆ ಮುಟ್ಟಿದೆಯಾ?"

ಹುಡುಗ ತಡವರಿಸಿದ. ಡಬ್ಬಿಯ ತಿರುಪು ತಾಗುತ್ತಿತ್ತೆಂದು ಒಂದು ತುದಿಯ ತಾಮ್ರವನ್ನು ಬ್ಲೇಡಿನಿಂದ ಕೆರೆದಿದ್ದನಂತೆ. ಎಷ್ಟು? ಒಂದೇ ಮಿಲಿಮೀಟರು. ಯಾವ ಬದಿ? ಉದ್ದದ್ದು.

45ರಲ್ಲಿ ಒಂದು ಹೋದರೆ ಶ್ರುತಿ ಶೇಕಡಾ ಎರಡರಷ್ಟು, ಅಂದರೆ ಮೂವತ್ತಕ್ಕೂ ಹೆಚ್ಚು ಮೆಗಾಹರ್ಟ್ಸ್ ಮೇಲೇರುತ್ತದೆ. ಇಷ್ಟು ತೆಳುವಾದ ಹಲಗೆ ಹಿಡಿಯುವ ಪಟ್ಟಿಯೇ ಕಿರಿದು. ಉಪಗ್ರಹದ ಸಂಕೇತ ಅದರ ಹೊರಗೆ ಉಳಿಯಿತು. ಅದೇ ಒಂದು ಮಿಲಿಮೀಟರನ್ನು ಅಗಲದಲ್ಲಿ ಕೆರೆದಿದ್ದರೆ ಬಹುಶಃ ಯಾರಿಗೂ ತಿಳಿಯುತ್ತಿರಲಿಲ್ಲ.

ಅಂಗಡಿಯವನು ನಿರ್ದೋಷಿ. ಕನ್ನಡ ಮಾಧ್ಯಮವೂ ನಿರ್ದೋಷಿಯೆಂದು ನಾನೇ ತೀರ್ಪು ಕೊಟ್ಟೆ. ಸಹಪಾಠಿಗಳು ಮೇಲ್ಮನವಿ ಹೋದರೆ ಹೋಗಲಿ. ಹುಡುಗ ಅದೇ ಅಂಗಡಿಯಲ್ಲಿ ಇನ್ನೊಂದು ಹಲಗೆ ಕೊಂಡ. ಈ ಸಲ ತಾಮ್ರವನ್ನು ಮುಟ್ಟದೆ, ಡಬ್ಬಿಯ ತಿರುಪನ್ನೇ ಪಕ್ಕಕ್ಕೆ ಸರಿಸಿದ್ದಾನೆ.